ಪದ್ಮಿನಿಯ ಬೆಳ್ಳಿಯಂಚು

ಹಳೆಯ ಕಾರು ಸಾಕುವವರಿಗೆ ಕಣ್ಣಿಗಿಂತ ಕಿವಿ ಚುರುಕು. ಹೊಸ ಕಾರಿನಲ್ಲಿ ಏನಾದರೂ ಕೆಟ್ಟರೆ ಕಣ್ಣೆದುರೇ ದೀಪ ಹತ್ತುತ್ತದೆ, ಜೊತೆಗೊಂದು ಹೆಣ್ಣುದನಿ ಬುದ್ಧಿಯನ್ನೂ ಹೇಳುತ್ತದೆ. ನಮ್ಮ ಪ್ರೀಮಿಯರ್ ಪದ್ಮಿನಿಗೆ ಅಷ್ಟೆಲ್ಲ ಸೌಲಭ್ಯವಿಲ್ಲ. ಕಿಂಯ್ ಅಂದರೆ ಫ್ಯಾನ್ ಬೆಲ್ಟ್, ಕಟಕಟ ಅಂದರೆ ಸಸ್ಪೆನ್ಷನ್ ಎಂದು ನಾವೇ ತಿಳಿದುಕೊಳ್ಳಬೇಕು. ಈ ಬೇಸಿಗೆಯಲ್ಲಿ ಆ ಪಟ್ಟಿಗೆ ಹೊಸ ಸದ್ದೊಂದು ಸೇರಿತು. ಮೈಸೂರು ರಸ್ತೆಯಲ್ಲಿ ವೇಗ 50 ದಾಟಿದರೆ ನೆತ್ತಿಯ ಹತ್ತಿರ ಟರ್ರ್. ಬ್ರೇಕ್ ಒತ್ತಿದರೆ ಗಪ್‌ಚುಪ್. ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು, "ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು ಕಳಚಿಕೊಂಡಿರಬೇಕು ನೋಡಪ್ಪಾ" ಎಂದರು. ನಿಂಬೆಹಣ್ಣು ಭದ್ರವಾಗಿಯೇ ಇತ್ತು. ಎದುರುಗಾಜಿನ ಸುತ್ತ ಹೊಳೆಯುವ ಲೋಹದ ಪಟ್ಟಿ ಮೇಲ್ಭಾಗದಲ್ಲಿ ರಬ್ಬರಿನಿಂದ ಎದ್ದು ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಇಂಥ ಸಣ್ಣ ಕಾಯಿಲೆಗೆ ಊರೆಲ್ಲ ವೈದ್ಯರು. "ರೀ, ಒಂದು ತೊಟ್ಟು ಗಮ್ ಹಾಕಿ ಅಂಟಿಸಿಬಿಡಿ" ಎಂದಳು ಹೆಂಡತಿ. ಪಕ್ಕದ ಮನೆಯವರು ಇನ್ನೂ ಮುಂದೆ ಹೋಗಿ, "ಕಿತ್ತೇ ಹಾಕಿ ಸ್ವಾಮಿ, ಬರೀ ಶೋಕಿಗೆ ಇಟ್ಟಿರೋದು" ಎಂದರು. ಹೆಂಡತಿಯ ಮಾತಿಗೆ ನಾನು ಸುಮ್ಮನಿದ್ದೆ. ಪಕ್ಕದ ಮನೆಯವರ ಮಾತಿಗೆ ಮಾತ್ರ ಸುಮ್ಮನಿರಲಾಗಲಿಲ್ಲ.

ಈಗಿನ ಕಾರುಗಳ ಎದುರುಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಕಚ್ಚಿಸಿರುತ್ತಾರೆ. ಪದ್ಮಿನಿಯ ಕಾಲದಲ್ಲಿ ಅಂಟಿನ ಕಾರಭಾರವಿರಲಿಲ್ಲ. ಇದ್ದದ್ದೆಲ್ಲ ರಬ್ಬರ್ ಬೀಡಿಂಗ್. ಅದರ ಒಂದು ಸೀಳಿನಲ್ಲಿ ಗಾಜು, ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು. ಹೊರಮೈಯಲ್ಲಿ ಮೂರನೆಯದೊಂದು ಸಣ್ಣ ಸೀಳು. ಪಟ್ಟಿ ಕೂರುವುದು ಅಲ್ಲಿ. ಪಟ್ಟಿಯನ್ನು ಒತ್ತಿ ಕೂರಿಸಿದಾಗ ರಬ್ಬರು ಎರಡೂ ಕಡೆಗೆ ಹಿಗ್ಗಿ ಗಾಜನ್ನೂ ತಗಡನ್ನೂ ಬಿಗಿಯಾಗಿ ಅವುಚಿಕೊಳ್ಳುತ್ತದೆ. ಸೀರೆಯ ಅಂಚು ನೋಡುವವರ ಕಣ್ಣಿಗೆ ಚೆಂದ, ನೇಯುವವನಿಗೆ ಮಾತ್ರ ಅದು ಬಟ್ಟೆಯ ಎಳೆ ಬಿಚ್ಚದಂತೆ ಕಾಯುವ ಕಟ್ಟು. ಇದೂ ಹಾಗೇ. ಪಟ್ಟಿ ಕಿತ್ತರೆ ಗಾಜೇನೂ ಅಂದೇ ಬೀಳುವುದಿಲ್ಲ. ಮೊದಲ ಮಳೆಗೆ ಒಂದು ಹನಿ ಒಳಗಿಳಿಯುತ್ತದೆ, ರಬ್ಬರಿನಡಿಯ ತಗಡಿನಲ್ಲಿ ಯಾರ ಕಣ್ಣಿಗೂ ಬೀಳದೆ ತುಕ್ಕು ಶುರುವಾಗುತ್ತದೆ, ಅಷ್ಟೇ. ಅದು ಕಾಣಿಸಿಕೊಳ್ಳುವ ಹೊತ್ತಿಗೆ ಟಿಂಕರಿಂಗ್‌ನವನ ಬಿಲ್ಲು ಸಿದ್ಧವಾಗಿರುತ್ತದೆ.

ಈ ಕಾರಿನ ಮೂಲ ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1964ರಿಂದ ಈ ರೂಪದಲ್ಲಿ ತಯಾರಿಸಿದರು. ಎಪ್ಪತ್ತರ ದಶಕದಲ್ಲಿ ಚಿತ್ತೋರಿನ ರಾಣಿಯ ಹೆಸರಿಟ್ಟು ಪದ್ಮಿನಿ ಎಂದರು. ನಮ್ಮ ಮಾವ ಮಾತ್ರ ಅದು ಸಿನಿಮಾ ನಟಿ ಪದ್ಮಿನಿಯ ಹೆಸರೇ ಎಂದು ಕೊನೆಯವರೆಗೂ ಹಟ ಹಿಡಿದಿದ್ದರು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದು ಜನ ಇದನ್ನು ಮನೆಗೆ ತಂದುಕೊಳ್ಳುತ್ತಿದ್ದರು. ಮುಂಬೈಯಲ್ಲಿ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಕೊನೆಯ ಸಲ ಓಡಿದವು. ಈಗ ಕೇಂದ್ರ ಸರ್ಕಾರದ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಪಟ್ಟ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಹೆಚ್ಚು ಮಾರ್ಪಾಡಾಗಿರಬಾರದು. ಪಟ್ಟಿ ಇಲ್ಲದಿದ್ದರೆ ಯಾವ ಇನ್‌ಸ್ಪೆಕ್ಟರೂ ತಕರಾರು ಮಾಡಲಿಕ್ಕಿಲ್ಲ. ಹಳೆ ಕಾರಿನ ಗೆಳೆಯರು ಬಿಟ್ಟಾರೆಯೇ?

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಮೇಸ್ತ್ರಿ ಪಟ್ಟಿಯನ್ನು ಮುಟ್ಟಲೇ ಇಲ್ಲ. ಬೆರಳುಗುರಿನಿಂದ ರಬ್ಬರನ್ನು ಒತ್ತಿ, "ಸಾರ್, ಪಟ್ಟಿ ಚೆನ್ನಾಗಿದೆ. ಇದು ಕಲ್ಲಾಗಿದೆ" ಎಂದರು. ಬಿಸಿಲಿಗೆ, ಗಾಳಿಯ ಓಜೋನಿಗೆ ರಬ್ಬರು ಗಟ್ಟಿಯಾಗಿ, ಕುಗ್ಗಿ, ಮೂಲೆಗಳಲ್ಲಿ ಬಿರಿದು ಪಟ್ಟಿಯನ್ನು ಹೊರಗೆ ನೂಕುತ್ತದಂತೆ. ಸಿಲಿಕೋನ್ ಹಚ್ಚಿದರೆ ಆಗದೇ ಎಂದೆ. "ವಿನಿಗರ್ ವಾಸನೆ ಬರುತ್ತಲ್ಲ, ಅದನ್ನೇ ತಾನೆ ಹೇಳ್ತಿರೋದು?" ಎಂದು ನಕ್ಕರು. ಆ ಬಗೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ತಗಡಿಗೆ ತುಕ್ಕು ಹತ್ತಿಸಲು ಬೇರೆ ಶತ್ರು ಬೇಕಿಲ್ಲ. ರಸಾಯನಶಾಸ್ತ್ರವನ್ನು ಮೂಗಿನಿಂದಲೇ ಕಲಿತ ಮನುಷ್ಯ.

ಹೊಸ ರಬ್ಬರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿಕೊಂಡರು. ಬಿಚ್ಚಿಟ್ಟಿದ್ದ ಗಾಜಿನ ಸುತ್ತ ಅದನ್ನು ತೊಡಿಸಿ, ತಗಡು ಕೂರುವ ಸೀಳಿನಲ್ಲಿ ಹುರಿದಾರ ಸುತ್ತಿ, ಅದರ ತುದಿಗಳನ್ನು ಕಾರಿನ ಒಳಗೆ ಬಿಟ್ಟರು. ಹೊರಗಿನಿಂದ ಹುಡುಗ ಗಾಜನ್ನು ಅಂಗೈಯಲ್ಲಿ ಒತ್ತಿ ಹಿಡಿದ. ಒಳಗಿನಿಂದ ಮೇಸ್ತ್ರಿ ದಾರ ಎಳೆಯುತ್ತ ಬಂದಂತೆ ರಬ್ಬರಿನ ತುಟಿ ತಗಡಿನ ಮೇಲೆ ತಾನಾಗಿ ಹತ್ತಿ ಕೂತಿತು. ನೋಡುತ್ತ ನಿಂತಿದ್ದ ನನ್ನ ಟೀ ತಣ್ಣಗಾಗಿತ್ತು. ಆಮೇಲೆ ಪಟ್ಟಿಯ ಸರದಿ. ಸೋಪಿನ ನೀರು ಸವರಿ, ಮೇಲ್ಭಾಗದ ನಡುವಿನಿಂದ ಶುರುಮಾಡಿ ಎರಡೂ ಕಡೆಗೆ, ಕೊಕ್ಕೆಯಿಂದ ರಬ್ಬರನ್ನು ಬಿಡಿಸುತ್ತ ಹೆಬ್ಬೆರಳಲ್ಲಿ ಒತ್ತುತ್ತ ಹೋದರು. ಎಣ್ಣೆ, ಗ್ರೀಸು ಸುತರಾಂ ಕೂಡದು, ರಬ್ಬರು ಊದಿಕೊಳ್ಳುತ್ತದೆ. ಸುತ್ತಿಗೆಯೂ ಕೂಡದು. ತೆಳು ಪಟ್ಟಿ, ಒಮ್ಮೆ ಮಡಿಕೆ ಬಿದ್ದರೆ ಎಷ್ಟು ತಿದ್ದಿದರೂ ಗುರುತು ಹೋಗುವುದಿಲ್ಲ. ಮೂಲೆಗಳಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕೆಲಸ ಮಾಡಿದರು. ಕೊನೆಗೆ ಪಟ್ಟಿಯ ತುದಿಗಳು ಕೂಡುವಲ್ಲಿ ಸಣ್ಣ ಕ್ಲಿಪ್ಪಿನ ಮುಚ್ಚಳ.

ಸದ್ದು ನಿಂತಿದೆ. ಅತ್ತೆಯವರು ಅದರ ಶ್ರೇಯಸ್ಸನ್ನು ಹೊಸ ನಿಂಬೆಹಣ್ಣಿಗೆ ಕೊಟ್ಟಿದ್ದಾರೆ, ನಾನೂ ತಕರಾರು ತೆಗೆದಿಲ್ಲ. ರಬ್ಬರೇನೋ ಈಗಲೂ ಹೊಸದು ಸಿಗುತ್ತದೆ. ಪಟ್ಟಿಗೆ ಮಾತ್ರ ಗುಜರಿಯೇ ಗತಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಫಿಯೆಟ್ಟಿನ ಇಂಥ ಪಟ್ಟಿಯೇನಾದರೂ ಬಿದ್ದಿದ್ದರೆ ದಯವಿಟ್ಟು ತೂಕಕ್ಕೆ ಹಾಕಿ ಮಾರಬೇಡಿ. ಹಳೆ ಕಾರಿನವರು ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆ. ಡೊಂಕಾಗದ ಮೂಲೆ ತುಂಡಿದ್ದರಂತೂ ಕೇಳಿದಷ್ಟು ಕೊಡುತ್ತಾರೆ.