ಅಮ್ಮನ ಮಂಡಿ ಮತ್ತು ವಿಂಧ್ಯಗಿರಿಯ ಮೆಟ್ಟಿಲು

ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಸುಮಾರು 145 ಕಿಲೋಮೀಟರ್. ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಯಡಿಯೂರಿನ ಹತ್ತಿರ ಕಾಫಿ ಕುಡಿದು, ಹಿರೀಸಾವೆಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದಾಗ ಅಮ್ಮ ಸೀಟಿನಲ್ಲೇ ಕಾಲು ಚಾಚಿ, ಮಡಚಿ ಮಾಡುತ್ತಿದ್ದಳು. "ಪರೀಕ್ಷೆಗೆ ಮುಂಚೆ ರಿವಿಜನ್ನಾ?" ಅಂದೆ. "ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸೇ" ಅಂದಳು.

ವಿಂಧ್ಯಗಿರಿಗೆ ಸುಮಾರು 650 ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು. ಮೇಲಕ್ಕೆ ವಾಹನ ಹೋಗಲ್ಲ, ಚಪ್ಪಲಿ ಕೆಳಗೇ ಬಿಡಬೇಕು. ಅಮ್ಮನಿಗೆ 62. ಎರಡು ವರ್ಷದಿಂದ ಬಲಮಂಡಿ ಸವೆತ, ಮನೆಯ ಮಹಡಿ ಹತ್ತೋದೇ ಕಷ್ಟವಾಗಿತ್ತು. ಆದರೂ ಅವಳದ್ದು ಒಂದೇ ಹಟ: ಗೊಮ್ಮಟನನ್ನು ಸ್ವಂತ ಕಾಲಲ್ಲಿ ಹತ್ತಿ ನೋಡಬೇಕು.

ಆ ಹಟಕ್ಕೇ ಪಿಆರ್‌ಪಿ ಇಂಜೆಕ್ಷನ್ ನಮ್ಮ ಮನೆಗೆ ಬಂದದ್ದು. ನಮ್ಮದೇ ತೋಳಿಂದ ಸ್ವಲ್ಪ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ಪ್ಲಾಸ್ಮಾ ಬೇರೆ ಮಾಡಿ ಮಂಡಿಗೆ ಚುಚ್ಚುತ್ತಾರೆ. ಮೊದಲು ಹೋದ ಕ್ಲಿನಿಕ್‌ನಲ್ಲಿ "ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತೆ" ಅಂದುಬಿಟ್ಟರು. ಅಮ್ಮನ ಮುಖ ಅರಳಿತು. ನನಗೆ ಅನುಮಾನ ಬಂತು.

ರಾತ್ರಿ ಕೂತು ಓದಿದೆ. ಆಸ್ಟ್ರೇಲಿಯಾದಲ್ಲಿ ಮಂಡಿ ಸವೆತವಿದ್ದ 288 ಮಂದಿಯ ಮೇಲೆ ನಡೆದ ಅಧ್ಯಯನ 2021ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂದಿತ್ತು. ಅರ್ಧ ಜನಕ್ಕೆ ಪಿಆರ್‌ಪಿ, ಅರ್ಧ ಜನಕ್ಕೆ ಬರೀ ಉಪ್ಪುನೀರು, ವಾರಕ್ಕೊಂದರಂತೆ ಮೂರು ಸಲ. ವರ್ಷದ ನಂತರ ಎರಡೂ ಗುಂಪಿಗೆ ನೋವು ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಕಾರ್ಟಿಲೇಜ್‌ನಲ್ಲೂ ವ್ಯತ್ಯಾಸ ಇರಲಿಲ್ಲ.

ಇನ್ನೊಬ್ಬ ಮೂಳೆ ಡಾಕ್ಟರನ್ನು ಕೇಳಿದೆವು. "ಕೆಲವರಿಗೆ ನೋವು ಕಡಿಮೆಯಾಗಬಹುದು, ಬೆಳೆಯುತ್ತೆ ಅಂತ ನಾನು ಹೇಳಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡಿ, ತೂಕ ಇಳಿಸಿ. ಅದಂತೂ ಬಿಡಬೇಡಿ" ಅಂದರು. ನಾನು ಬೇಡ ಅಂದೆ. ಅಮ್ಮ, "ಮಂಡಿ ನಂದು, ಪೆನ್ಶನ್ನೂ ನಂದು" ಅಂದಳು. ಆ ಡಾಕ್ಟರ ಹತ್ತಿರವೇ ಮೂರು ಇಂಜೆಕ್ಷನ್ ತಗೊಂಡಳು. ಜೊತೆಗೆ ಐದು ತಿಂಗಳು ದಿನವೂ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ನಾಲ್ಕು ಕೆಜಿ ಇಳಿದಳು.

ಏಳೂವರೆಗೆ ಹತ್ತಲು ಶುರು ಮಾಡಿದೆವು. ಬುಡದಲ್ಲೇ ಡೋಲಿಯವರು ಕೇಳಿದರು. ಅಮ್ಮ ಕೈ ಅಲ್ಲಾಡಿಸಿದಳು. ಕಂಬಿ ಹಿಡಿದು ಇಪ್ಪತ್ತು ಮೆಟ್ಟಿಲು, ಒಂದು ನಿಲುಗಡೆ. ನಿಂತಾಗಲೆಲ್ಲ ಹಿಂದಿರುಗಿದರೆ ಕೆಳಗೆ ಕಲ್ಯಾಣಿ, ಆಚೆ ಚಂದ್ರಗಿರಿ. ನನಗೆ ಅವೆರಡಕ್ಕಿಂತ ಅವಳ ಬಲಗಾಲೇ ಕಾಣುತ್ತಿತ್ತು. ಒಂದು ಗಂಟೆ ಹತ್ತು ನಿಮಿಷಕ್ಕೆ ಮೇಲಿದ್ದೆವು.

981ರಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟನ ಪಾದದ ಹತ್ತಿರ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊರಗೆ ಬಂದು ಎದುರಿನ ಗುಳ್ಳೆಕಾಯಿ ಅಜ್ಜಿಯ ಮುಂದೆ ನಿಂತಳು. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದ ಮುಟ್ಟಲಿಲ್ಲ, ಗುಳ್ಳೆಕಾಯಿ ತುಂಬ ಅಜ್ಜಿ ತಂದ ಹಾಲು ಮುಟ್ಟಿತು ಅನ್ನೋ ಕಥೆ ಗೊತ್ತಲ್ಲ. "ಈ ಅಜ್ಜಿನೂ ಇದೇ ಬೆಟ್ಟ ಹತ್ತಿದ್ದಲ್ವೇನೇ? ಅವಳಿಗ್ಯಾರು ಇಂಜೆಕ್ಷನ್ ಕೊಟ್ರು?" ಅಂದಳು.

ಇಳಿಯುವಾಗ ಮಂಡಿಗೆ ಹೊರೆ ಜಾಸ್ತಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಡೋಲಿ ಮಾಡೋಣ ಅಂದೆ. ಅಮ್ಮನಿಗೆ ಸಂಕೋಚ: "ಇನ್ನೊಬ್ಬರ ಹೆಗಲ ಮೇಲೆ ಕೂರೋದಾ?" ಡೋಲಿಯವರೊಬ್ಬರು ನಕ್ಕರು. "ಎಲ್ಲಾರೂ ನಡ್ಕೊಂಡೇ ಇಳಿದ್ರೆ ನಮ್ಮನೆ ಒಲೆ ಉರಿಯಲ್ಲ ಅಮ್ಮಾ." ಅಮ್ಮ ಕೂತಳು. ಹತ್ತಿದ್ದು ಸ್ವಂತ ಕಾಲಲ್ಲಿ, ಇಳಿದದ್ದು ಡೋಲಿಯಲ್ಲಿ.

ಕೆಲಸ ಮಾಡಿದ್ದು ಇಂಜೆಕ್ಷನ್ನೋ, ವ್ಯಾಯಾಮವೋ? ಒಂದೇ ಸಲ ಎರಡು ಕಡೆ ಕೋಡ್ ಬದಲಾಯಿಸಿದರೆ ಯಾವುದರಿಂದ ಬಗ್ ಹೋಯಿತು ಅಂತ ಹೇಳೋಕಾಗಲ್ಲ. ಅಪ್ಪ-ಅಮ್ಮನನ್ನು ಕರೆದೊಯ್ಯುವವರಿಗೆ ನನ್ನ ಕಡೆಯಿಂದ ಇಷ್ಟೇ: ಬಂಡೆ ಕಾಯುವ ಮುಂಚೆ ಹತ್ತಿ, ಇಳಿಯೋಕೆ ಡೋಲಿಯ ದುಡ್ಡು ಇಟ್ಟುಕೊಳ್ಳಿ. "ಮತ್ತೆ ಬೆಳೆಯುತ್ತೆ" ಅನ್ನುವವರಿಗೆ ಹಣ ಕಟ್ಟುವ ಮುಂಚೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ರಾತ್ರಿ ಅಮ್ಮನ ಮಂಡಿ ಸ್ವಲ್ಪ ಊದಿತ್ತು. ಐಸ್ ಇಟ್ಟುಕೊಂಡು ಕೂತವಳು ಕೇಳಿದಳು: "ಚಂದ್ರಗಿರಿಗೆ ಎಷ್ಟು ಮೆಟ್ಲೇ?"