ಆಯುಧಪೂಜೆಯ ಬೆಳಗಿನ ವಾಗ್ವಾದ

ಫ್ಲಾರಿಡಾದಲ್ಲಿ ರಾತ್ರಿ ಒಂಬತ್ತು ಗಂಟೆಯಾದಾಗ ನಮ್ಮಲ್ಲಿ ಮರುದಿನದ ಬೆಳಗಿನ ಆರೂವರೆ. 2012ರ ಅಕ್ಟೋಬರ್ 22ರಂದು ಅಲ್ಲಿಯ ಬೋಕಾ ರಟೋನ್ ನಗರದ ಲಿನ್ ವಿಶ್ವವಿದ್ಯಾಲಯದಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಹಾಗೂ ಅವರ ಪ್ರತಿಸ್ಪರ್ಧಿ ಮಿಟ್ ರಾಮ್ನಿ ವಿದೇಶಾಂಗ ನೀತಿಯನ್ನು ಕುರಿತು ವಾದಿಸುತ್ತಿದ್ದಾಗ, ಮಣಿಪಾಲದ ನಮ್ಮ ಮನೆಯಲ್ಲಿ ಆಯುಧಪೂಜೆಯ ಸಿದ್ಧತೆ ನಡೆದಿತ್ತು. ಸ್ಕೂಟರನ್ನು ತೊಳೆಯಬೇಕಾದವರು ದೂರದರ್ಶನದ ಮುಂದೆ ಕುಳಿತದ್ದಕ್ಕೆ ಅಡುಗೆಮನೆಯಿಂದ ಒಂದೆರಡು ಮಾತುಗಳೂ ಬಂದವೆನ್ನಿ.

ನೌಕಾಪಡೆಯ ಹಡಗುಗಳು 1917ರಿಂದೀಚೆಗೆ ಇಷ್ಟು ಕಡಿಮೆಯಾಗಿರಲಿಲ್ಲವೆಂದು ರಾಮ್ನಿಯವರು ಆಕ್ಷೇಪಿಸಿದರು. ಸೈನ್ಯದಲ್ಲಿ ಕುದುರೆಗಳೂ ಬಂದೂಕಿನ ತುದಿಯ ಚೂರಿಗಳೂ ಈಗ ಕಡಿಮೆಯೇ ಎಂದು ಒಬಾಮಾ ಚುಚ್ಚಿದರು. ಆಯುಧಗಳಿಗೆ ಅರಿಶಿನ ಕುಂಕುಮ ಹಚ್ಚುವ ದಿನ ಈ ಮಾತು ಕೇಳಿ ನಮಗೂ ನಗು ಬಂತು. ಮರುದಿನದ ಪತ್ರಿಕೆಗಳೂ ಅದನ್ನೇ ಎತ್ತಿ ಹಿಡಿದವು. ಆದರೆ ಚರ್ಚೆಯ ತಿರುಳು ಆ ಚಟಾಕಿಯಲ್ಲಿರಲಿಲ್ಲ.

ನಮ್ಮ ನೆರೆಯ ಹಿರಿಯರೊಬ್ಬರು ಕಾರ್ಕಳ ಕಡೆಯವರು. ಅವರ ಮಗ ಕತಾರಿನಲ್ಲಿ ದುಡಿಯುತ್ತಿದ್ದ. ಆಕೆಗೆ ಇಂಗ್ಲಿಷ್ ಬಾರದು. ಇರಾನಿನ ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತಲೇ, "ಅದೆಲ್ಲ ಇರ್ಲಿ ಮಾರಾಯ್ರೆ, ಯುದ್ಧ ಆಗ್ತದಂತಾ?" ಎಂದು ಕೇಳಿದರು. ಇರಾನಿಗೆ ಅಣ್ವಸ್ತ್ರ ದಕ್ಕಗೊಡುವುದಿಲ್ಲ, ಆದರೆ ಯುದ್ಧ ಕಟ್ಟಕಡೆಯ ದಾರಿ, ಅದಕ್ಕೆ ಮುನ್ನ ಆರ್ಥಿಕ ದಿಗ್ಬಂಧನ ಎಂಬಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಹಾಗೆಂದು ತಿಳಿಸಿದೆವು. ಆಕೆ ನಿಟ್ಟುಸಿರಿಟ್ಟರು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಬೇಕಾಯಿತು. ಕರಾವಳಿಯಲ್ಲಿ ಆ ದಿನಗಳನ್ನು ಮರೆತವರು ವಿರಳ.

ದಿಗ್ಬಂಧನವೆಂದರೆ ಮಾತ್ರ ನಮಗೆ ಕ್ಷೇಮವೇ? ಉಡುಪಿಯಿಂದ ಹೆದ್ದಾರಿಯಲ್ಲಿ ಕಾಪು ದಾಟಿ ದಕ್ಷಿಣಕ್ಕೆ ಸಾಗಿದರೆ ಸುರತ್ಕಲ್ಲಿನ ಸಮೀಪ ಮಂಗಳೂರು ತೈಲ ಶುದ್ಧೀಕರಣಾಗಾರವಿದೆ. ಆ ವರ್ಷಗಳಲ್ಲಿ ಭಾರತದಲ್ಲಿ ಇರಾನಿನ ಕಚ್ಚಾತೈಲವನ್ನು ಅತಿ ಹೆಚ್ಚು ಕೊಳ್ಳುತ್ತಿದ್ದುದು ಅದೇ. 2012ರ ಜುಲೈಯಿಂದ ಇರಾನಿನ ತೈಲ ತರುವ ಹಡಗುಗಳಿಗೆ ಯುರೋಪಿನ ಕಂಪನಿಗಳ ವಿಮೆ ನಿಂತಿತ್ತು. ಹಣ ಪಾವತಿಗೂ ಹೊಸ ಮಾರ್ಗ ಹುಡುಕಬೇಕಾಗಿತ್ತು. ಬೋಕಾ ರಟೋನಿನ ವೇದಿಕೆಯಲ್ಲಿ ಯಾರ ನಿರ್ಬಂಧ ಹೆಚ್ಚು ಬಿಗಿ ಎಂದು ಪೈಪೋಟಿ ನಡೆದಾಗ, ಅದರ ಭಾರವನ್ನು ಇರಾನ್ ಮಾತ್ರವಲ್ಲದೆ ಕೊಳ್ಳುವವರೂ ಹೊರುತ್ತಾರೆಂಬುದನ್ನು ಇಬ್ಬರೂ ಎತ್ತಲಿಲ್ಲ. ಅಮೆರಿಕದ ಮತದಾರನ ಮುಂದೆ ನಿಂತವರಿಂದ ಅದನ್ನು ನಿರೀಕ್ಷಿಸುವುದೂ ಹೆಚ್ಚಾದೀತೇನೋ! ಆದರೂ ಮತವಿಲ್ಲದ ನಾವು ಅವರ ಚರ್ಚೆಗೆ ಕಿವಿಗೊಡುವುದು ಈ ಕಾರಣದಿಂದಲೇ.

2015ರಲ್ಲಿ ಇರಾನಿನೊಂದಿಗೆ ಒಪ್ಪಂದವಾಯಿತು. 2018ರಲ್ಲಿ ಬೇರೊಬ್ಬ ಅಧ್ಯಕ್ಷರು ಅದರಿಂದ ಹೊರಬಂದರು. 2019ರ ಮೇ ತಿಂಗಳಲ್ಲಿ ಅಮೆರಿಕ ವಿನಾಯಿತಿಯನ್ನು ಕೊನೆಗೊಳಿಸಿದ ಬಳಿಕ ಭಾರತ ಇರಾನಿನ ತೈಲ ಖರೀದಿಯನ್ನು ನಿಲ್ಲಿಸಿತು. ಆಗಲೂ ನೆರೆಯವರು ಕೇಳಿದ್ದು ಅದೇ ಪ್ರಶ್ನೆ.