ಹಾಲಿನ ಲೆಕ್ಕದ ಪುಸ್ತಕದಲ್ಲಿದ್ದ ವಿಳಾಸ

ಮನೆ ಬದಲಾಯಿಸಿದವರು ಮೊದಲು ಮಾಡಬೇಕಾದ ಕೆಲಸವೆಂದರೆ ಅಂಚೆಯಣ್ಣನಿಗೆ ಹೊಸ ವಿಳಾಸವನ್ನು ತಿಳಿಸುವುದು ಎಂದು ನಾನು ಎಂಟನೆಯ ತರಗತಿಯ ಮಕ್ಕಳಿಗೆ ಪ್ರತಿ ವರ್ಷವೂ ಹೇಳುತ್ತಿದ್ದೆ. ನನ್ನ ಸಮಾಜ ಪಾಠವನ್ನು ಕೇಳಿದವರಿಗೆ ಅದು ನೆನಪಿರಬಹುದು. ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು; ಅದರ ಮೊದಲ ಅಂಕಿ ವಲಯವನ್ನು ಸೂಚಿಸುತ್ತದೆ, ನಮ್ಮದು 5; ಮೊದಲ ಮೂರು ಅಂಕಿಗಳನ್ನು ನೋಡಿಯೇ ಕಾಗದ ಯಾವ ಜಿಲ್ಲೆಯ ಚೀಲಕ್ಕೆ ಬೀಳಬೇಕೆಂಬುದು ತೀರ್ಮಾನವಾಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಊರಿಗೆಲ್ಲ ಹೇಳಿದ ಆ ಪಾಠವನ್ನು ನನ್ನ ಮನೆಯೊಳಗೇ ನಾನು ಮರೆತಿದ್ದೆ ಎಂಬುದು ಕಳೆದ ತಿಂಗಳು ಗೊತ್ತಾಯಿತು. ಅದರ ಕಥೆಯನ್ನೇ ಇಂದು ಬರೆಯುತ್ತಿದ್ದೇನೆ.

ಒಂದು ಸಂಜೆ ದೂರವಾಣಿ ಕರೆ ಬಂತು. 1995ರಲ್ಲಿ ಹತ್ತನೆಯ ತರಗತಿ ಮುಗಿಸಿದ ತಂಡದ ಹುಡುಗ. ಹುಡುಗ ಎಂದು ಬರೆದೆ, ಅವನ ಮಗಳೇ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. "ಸಾರ್, ಮೂವತ್ತು ವರ್ಷ ತುಂಬಿದ ನೆಪದಲ್ಲಿ ನಾವೆಲ್ಲ ಸೇರಬೇಕೆಂದಿದ್ದೇವೆ. ನಮ್ಮ ಗ್ರೂಪ್ ಫೋಟೊ ನಿಮ್ಮ ಹತ್ತಿರ ಇದೆಯಂತೆ" ಎಂದ. ಇದೆಯಪ್ಪಾ, ನಾಳೆಯೇ ಕಳಿಸುತ್ತೇನೆ ಎಂದೆ. ಅವನು ಫೋನ್ ಇಡಲಿಲ್ಲ. ಸ್ವಲ್ಪ ತಡೆದು, ಆ ತರಗತಿಯ ಮತ್ತೊಬ್ಬ ಹುಡುಗನ ಹೆಸರು ಹೇಳಿದ. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಹೊಳೆಗೆ ಈಜಲು ಹೋಗಿ ತಿರುಗಿ ಬಾರದ ಹುಡುಗ ಅವನು. "ಅವನ ಅಮ್ಮನ ಹತ್ತಿರ ಅವನದೊಂದೂ ಫೋಟೊ ಇಲ್ಲವಂತೆ ಸಾರ್. ಹಾಲ್ ಟಿಕೇಟಿಗೆ ಹಚ್ಚಿದ್ದು ಒಂದಿತ್ತಂತೆ, ಅದೂ ಮಳೆಗೆ ಹಾಳಾಗಿದೆ. ದೊಡ್ಡದು ಮಾಡಿಸಿ ಕೊಡೋಣ ಅಂತ."

ಶಾಲೆಯ ಗೋಡೆಗೆ ತೂಗುಹಾಕಿದ್ದ ಆ ಚಿತ್ರಗಳಿಗೆ ಏನಾಯಿತೆಂಬುದು ನನಗೆ ಗೊತ್ತಿತ್ತು. ಹಳೆಯ ಕಟ್ಟಡದ ಹೆಂಚು ಸೋರಿ ಕೆಲವು ಬಣ್ಣಗೆಟ್ಟವು. ಉಳಿದವನ್ನು ಗೆದ್ದಲು ತಿಂದಿತು. ಹಾಗಾಗುವ ಮೊದಲೇ ನಾನು ಒಂದು ಬೇಸಿಗೆ ರಜೆಯಲ್ಲಿ ಅವುಗಳನ್ನೆಲ್ಲ ಮನೆಗೆ ತಂದು, ಸ್ಕ್ಯಾನ್ ಮಾಡಿ, ಒಂದೊಂದಕ್ಕೂ ವರ್ಷದ ಹೆಸರಿಟ್ಟು ಕಾದಿರಿಸಿದ್ದೆ. ಹೀಗಾಗಿ ಆ ಚಿತ್ರ ಉಳಿದಿರುವುದು ನನ್ನ ಬಳಿ ಮಾತ್ರ ಎಂಬ ಸಣ್ಣದೊಂದು ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಕಾದಿರಿಸಿದ ಜಾಗವೆಂದರೆ ಶಬ್ದಕೋಶದ ಗಾತ್ರದ ಒಂದು ಕಪ್ಪು ಪೆಟ್ಟಿಗೆ. 2013ರಲ್ಲಿ ಅಳಿಯಂದಿರು ತಂದುಕೊಟ್ಟದ್ದು. ಒಳಗೊಂದು ಹಾರ್ಡ್ ಡಿಸ್ಕ್. ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಒಂದು ಕಿಂಡಿ. ಅದನ್ನು ಗಣಕಯಂತ್ರಕ್ಕಲ್ಲ, ಅಂತರಜಾಲದ ರೌಟರಿಗೆ ಜೋಡಿಸಬೇಕು. ಆಗ ಮನೆಯಲ್ಲಿರುವ ಯಾವ ಗಣಕದಿಂದಲಾದರೂ ಅದರೊಳಗೆ ಕಡತಗಳನ್ನು ಇಡಬಹುದು, ತೆಗೆಯಬಹುದು. ಪ್ರತಿ ರಾತ್ರಿ ಹತ್ತಕ್ಕೆ ನನ್ನ ಗಣಕದಲ್ಲಿರುವುದೆಲ್ಲ ತಾನಾಗಿ ಅಲ್ಲಿಗೆ ನಕಲಾಗುವಂತೆ ಅವರು ವ್ಯವಸ್ಥೆ ಮಾಡಿದ್ದರು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. 2019ರಲ್ಲಿ ಹಳೆಯ ಗಣಕ ಕೆಟ್ಟು ಹೊಸದನ್ನು ಕೊಂಡಾಗ ಅದರ ಡಿಸ್ಕ್ ಚಿಕ್ಕದಾಗಿತ್ತು. ಚಿತ್ರಗಳು ಹೇಗೂ ಪೆಟ್ಟಿಗೆಯಲ್ಲಿವೆಯಲ್ಲ ಎಂದು ಗಣಕಕ್ಕೆ ಅವುಗಳನ್ನು ತುಂಬಿಸಲೇ ಇಲ್ಲ. ಅಂದಿನಿಂದ ನಕಲು ಎಂದು ನಾನು ತಿಳಿದಿದ್ದದ್ದೇ ಅಸಲಾಗಿಬಿಟ್ಟಿತ್ತು. ಅದಕ್ಕೆ ನಕಲೇ ಇರಲಿಲ್ಲ. ಆರು ವರ್ಷ ಈ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಚಿಹ್ನೆಯನ್ನು ಒತ್ತಿದರೆ ಅದರ ಮೇಲೊಂದು ಕೆಂಪು ಕತ್ತರಿ ಗುರುತು. "ಸಂಪರ್ಕ ಸಾಧ್ಯವಾಗಲಿಲ್ಲ" ಎಂಬ ಅರ್ಥದ ಸಂದೇಶ. ಆಗ ನೆನಪಾಯಿತು: ಆಷಾಢದಲ್ಲಿ ನಾವು ಅಂತರಜಾಲದ ಹಳೆಯ ಸಂಪರ್ಕವನ್ನು ಬಿಟ್ಟು ಫೈಬರ್ ಹಾಕಿಸಿಕೊಂಡಿದ್ದೆವು. ಹೊಸ ರೌಟರ್ ಬಂದಿತ್ತು. ಹಳೆಯದನ್ನು ಆ ಕಡೆಯವರು ಹಿಂದಕ್ಕೆ ಒಯ್ದಿದ್ದರು. ತಂತಿಯನ್ನು ಹಳೆಯದರಿಂದ ಕಿತ್ತು ಹೊಸದಕ್ಕೆ ಸಿಕ್ಕಿಸಿದವನು ನಾನೇ. ಅಂದಿನಿಂದ ಪ್ರತಿ ರಾತ್ರಿ ಹತ್ತು ಗಂಟೆಗೆ ಪರದೆಯ ಮೂಲೆಯಲ್ಲಿ ಏನೋ ಒಂದು ಸೂಚನೆ ಬರುತ್ತಿತ್ತು. ಓದದೆಯೇ ಅದನ್ನು ಮುಚ್ಚುವುದು ನನಗೆ ಅಭ್ಯಾಸವಾಗಿಹೋಗಿತ್ತು. ಪ್ರಶ್ನೆಪತ್ರಿಕೆಯನ್ನು ಎರಡು ಬಾರಿ ಓದಿ ಎಂದು ಮೂವತ್ತೈದು ವರ್ಷ ಹೇಳಿದವನು ನಾನು!

ಗಾಬರಿಯಲ್ಲಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಪೇಟೆಯ ಒಂದು ಗಣಕದ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಚುರುಕಿನವನು. ತಿರುಪು ಬಿಚ್ಚಿ ಡಿಸ್ಕನ್ನು ಹೊರತೆಗೆದು ತನ್ನ ಗಣಕಕ್ಕೆ ಜೋಡಿಸಿದ. ಪರದೆಯ ಮೇಲೆ, ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ಮೂಡಿತು. "ಡಿಸ್ಕ್ ಏನೋ ಚೆನ್ನಾಗಿದೆ ಸಾರ್. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ" ಎಂದು ಅವನು ಇಲಿಯ ಮೇಲೆ ಬೆರಳಿಟ್ಟ. ಫಾರ್ಮ್ಯಾಟ್ ಎಂದರೆ ಹಲಗೆಯನ್ನು ಒರೆಸಿದಂತೆ ಎಂಬಷ್ಟು ಮಾತ್ರ ನನಗೆ ಗೊತ್ತಿತ್ತು. "ಬೇಡಪ್ಪಾ, ತಡಿ" ಎಂದು ಅವನ ಕೈ ಹಿಡಿದುಕೊಂಡೆ. ಆ ಒಂದು ಕ್ಷಣವನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಡಿಸ್ಕ್ ಕೆಟ್ಟಿರಲಿಲ್ಲ. ಇಂತಹ ಪೆಟ್ಟಿಗೆಗಳೊಳಗೆ ಸಾಮಾನ್ಯವಾಗಿ ಲಿನಕ್ಸ್ ವ್ಯವಸ್ಥೆ ಇರುತ್ತದೆ. ಅದು ಕಡತಗಳನ್ನು ತನ್ನದೇ ಕ್ರಮದಲ್ಲಿ ಜೋಡಿಸಿಡುತ್ತದೆ. ವಿಂಡೋಸ್‌ಗೆ ಆ ಲಿಪಿಯನ್ನು ಓದಲು ತಾನಾಗಿ ಬರುವುದಿಲ್ಲ. ಓದಲು ಬಾರದ ಪುಸ್ತಕವನ್ನು ಖಾಲಿ ಪುಸ್ತಕವೆಂದು ತಿಳಿದು, ಒರೆಸಿ ಕೊಡಲೇ ಎಂದು ಅದು ಕೇಳುತ್ತಿತ್ತು. ಹಳಗನ್ನಡದ ಓಲೆಗರಿಗಳನ್ನು ಓದಲಾರದೆ ಒಲೆಗೆ ಹಾಕಿದವರ ಕಥೆಗಳನ್ನು ನಾವು ಕೇಳಿಲ್ಲವೇ? ಡಿಸ್ಕನ್ನು ಮರಳಿ ಪೆಟ್ಟಿಗೆಗೆ ಹಾಕಿಸಿಕೊಂಡು ಮನೆಗೆ ಬಂದೆ.

ರಾತ್ರಿ ಮಗಳಿಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ. "ಅಪ್ಪ, ಪೆಟ್ಟಿಗೆಯ ದೀಪ ಉರಿಯುತ್ತಿದೆಯಾ?" ಎಂದಳು. ಉರಿಯುತ್ತಿತ್ತು. "ಹಾಗಾದರೆ ಅದು ಜೀವಂತವಾಗಿದೆ. ನೀವು ಅದನ್ನು ತಪ್ಪು ಬೀದಿಯಲ್ಲಿ ಹುಡುಕುತ್ತಿದ್ದೀರಿ, ಅಷ್ಟೆ. ಮೊದಲು ನಿಮ್ಮ ಗಣಕದ ವಿಳಾಸ ಏನೆಂದು ನೋಡಿ." ಅವಳು ಹೇಳಿಕೊಟ್ಟಂತೆ ಕಪ್ಪು ಕಿಟಕಿಯೊಂದನ್ನು ತೆರೆದು 'ಐಪಿಕಾನ್ಫಿಗ್' ಎಂದು ಬೆರಳಚ್ಚಿಸಿದಾಗ 192.168.1.7 ಎಂದು ಬಂತು. "ಸರಿ, ಪೆಟ್ಟಿಗೆಯ ವಿಳಾಸ ಎಷ್ಟು?"

ನನಗೆ ಹೇಗೆ ಗೊತ್ತು? ನಾನು ಅದನ್ನು ಹೆಸರು ಹಿಡಿದು ತೆರೆಯುತ್ತಿದ್ದೆನೇ ಹೊರತು ಅಂಕಿಯಿಂದಲ್ಲ. ಹೊಸ ರೌಟರಿನ ಪಟ್ಟಿಯಲ್ಲಿ ನಮ್ಮ ಮೊಬೈಲುಗಳಿದ್ದವು, ಗಣಕವಿತ್ತು, ಪೆಟ್ಟಿಗೆಯಿರಲಿಲ್ಲ. ಅಳಿಯಂದಿರಿಗೂ ಹನ್ನೆರಡು ವರ್ಷದ ಹಿಂದಿನ ಆ ಸಂಖ್ಯೆ ನೆನಪಿರಲಿಲ್ಲ. ಅಡುಗೆಮನೆಯಿಂದ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದ ನನ್ನ ಮಡದಿ ಕೈ ಒರೆಸಿಕೊಳ್ಳುತ್ತ ಬಂದು, "ಏನ್ರೀ, ಅವತ್ತು ಅವರು ಒಂದು ನಂಬರು ಹೇಳಿ ಬರೆದುಕೊಳ್ಳಿ ಅತ್ತೆ ಅಂದಿದ್ದರಲ್ಲ, ಅದಾ?" ಎಂದಳು. ಹಳೆಯ ಹಾಲಿನ ಲೆಕ್ಕದ ಪುಸ್ತಕಗಳನ್ನು ಅವಳು ಎಸೆಯುವುದಿಲ್ಲ. ಅದಕ್ಕಾಗಿ ನಾನು ಎಷ್ಟೋ ಸಲ ನಕ್ಕಿದ್ದೇನೆ. 2013ರ ಪುಸ್ತಕದ ಕೊನೆಯ ಪುಟದಲ್ಲಿ, ಅರ್ಧ ಲೀಟರು ಹೆಚ್ಚುವರಿ ಹಾಲಿನ ಲೆಕ್ಕದ ಕೆಳಗೆ, ಅವಳ ದುಂಡಗಿನ ಅಕ್ಷರದಲ್ಲಿತ್ತು: 'ಕಪ್ಪು ಡಬ್ಬಿ, 192.168.0.50'. ಪಕ್ಕದಲ್ಲಿ ಅದನ್ನು ತೆರೆಯುವ ಗುಪ್ತಪದವೂ ಇತ್ತು. ಅದನ್ನು ಇಲ್ಲಿ ಬರೆಯುವಂತಿಲ್ಲ!

ಮಗಳು ಬಿಡಿಸಿ ಹೇಳಿದಳು. ನಾನು ವಿದ್ಯಾರ್ಥಿಯಾಗಿ ಕುಳಿತು ಕೇಳಿದೆ. ಈ ನಾಲ್ಕು ಸಂಖ್ಯೆಗಳ ವಿಳಾಸದಲ್ಲಿ, ನಮ್ಮಂತಹ ಮನೆಗಳ ಮಟ್ಟಿಗೆ, ಮೊದಲ ಮೂರು ಬೀದಿಯ ಹೆಸರಿದ್ದಂತೆ; ಕೊನೆಯದು ಮನೆಯ ಸಂಖ್ಯೆ. 192.168 ಎಂದು ಆರಂಭವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಆದ್ದರಿಂದ ಒಂದೇ ವಿಳಾಸ ಲಕ್ಷಾಂತರ ಮನೆಗಳಲ್ಲಿದ್ದರೂ ಗೊಂದಲವಿಲ್ಲ. ಯಾರ ಮನೆಯಲ್ಲಿ 'ಅಜ್ಜೀ' ಎಂದು ಕೂಗಿದರೂ ಓಗೊಡುವುದು ಆ ಮನೆಯ ಅಜ್ಜಿ ಮಾತ್ರವಲ್ಲವೇ? ಸಾಮಾನ್ಯವಾಗಿ ರೌಟರೇ ಎಲ್ಲ ಉಪಕರಣಗಳಿಗೂ ವಿಳಾಸ ಹಂಚುತ್ತದೆ. ಆದರೆ ಪೆಟ್ಟಿಗೆಯ ವಿಳಾಸ ಎಂದೂ ಬದಲಾಗಬಾರದೆಂದು ಅಳಿಯಂದಿರು ಅದರಲ್ಲೇ ಸ್ಥಿರವಾಗಿ ಬರೆದಿಟ್ಟಿದ್ದರು. ಹಳೆಯ ರೌಟರಿನ ಬೀದಿ 192.168.0, ಹೊಸದರ ಬೀದಿ 192.168.1. ಮನೆಯವರೆಲ್ಲ ಹೊಸ ಬೀದಿಗೆ ಹೋದರು. ಪೆಟ್ಟಿಗೆಯೊಂದು ಹಳೆಯ ಬೀದಿಯ ವಿಳಾಸ ಹಿಡಿದುಕೊಂಡು, ಯಾರಾದರೂ ಕರೆದಾರೇ ಎಂದು ದೀಪ ಹಚ್ಚಿಕೊಂಡು ಕುಳಿತಿತ್ತು.

'ಪಿಂಗ್' ಎಂಬ ಆಜ್ಞೆಯಿಂದ ಅದನ್ನು ಕೂಗಿ ನೋಡಿದೆವು. ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ 1983ರಲ್ಲಿ ಬರೆದ ಪುಟ್ಟ ಕ್ರಮವಿಧಿ ಇದು. ಜಲಾಂತರ್ಗಾಮಿಯನ್ನು ಪತ್ತೆಹಚ್ಚಲು ನೀರಿನಲ್ಲಿ ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುತ್ತಾರಲ್ಲ, ಅದರಿಂದಲೇ ಈ ಹೆಸರು. ಪ್ರತಿಧ್ವನಿ ಬರಲಿಲ್ಲ. ಬರಬಾರದಾಗಿತ್ತು ಕೂಡ, ನಾವಿನ್ನೂ ಹೊಸ ಬೀದಿಯಲ್ಲೇ ನಿಂತಿದ್ದೆವು.

ಪರಿಹಾರ ಸರಳವಾಗಿತ್ತು. ಪೆಟ್ಟಿಗೆ ನಮ್ಮ ಬೀದಿಗೆ ಬರುವುದಿಲ್ಲವಾದರೆ ಸ್ವಲ್ಪ ಹೊತ್ತು ನಾವೇ ಅದರ ಬೀದಿಗೆ ಹೋಗಬೇಕು. ಗಣಕದ ವೈಫೈ ಆರಿಸಿ, ಪೆಟ್ಟಿಗೆಯ ತಂತಿಯನ್ನು ರೌಟರಿನಿಂದ ಕಿತ್ತು ನೇರವಾಗಿ ಗಣಕಕ್ಕೇ ಸಿಕ್ಕಿಸಿದೆ. ಗಣಕಕ್ಕೆ ಕೈಯಾರೆ 192.168.0.20 ಎಂಬ ವಿಳಾಸವನ್ನೂ, ಅದರ ಕೆಳಗೆ 255.255.255.0 ಎಂಬುದನ್ನೂ ಬರೆದೆ. ಈ ಎರಡನೆಯದು, ವಿಳಾಸದಲ್ಲಿ ಬೀದಿಯ ಹೆಸರು ಎಲ್ಲಿಯವರೆಗೆ ಎಂದು ತಿಳಿಸುವ ಗುರುತು. ಮತ್ತೆ ಪಿಂಗ್ ಮಾಡಿದೆ. ಒಂದರ ಹಿಂದೊಂದು ನಾಲ್ಕು ಉತ್ತರಗಳು ಬಂದವು! ಮಡದಿಯನ್ನು ಕೂಗಿ ತೋರಿಸಿದೆ. ಆ ಕಪ್ಪು ಕಿಟಕಿಯ ನಾಲ್ಕು ಸಾಲುಗಳಲ್ಲಿ ಅಷ್ಟು ಸಂತೋಷಪಡುವಂಥದ್ದು ಏನಿದೆ ಎಂದು ಅವಳಿಗೆ ತಿಳಿಯದಿದ್ದರೂ ಪಕ್ಕದಲ್ಲಿ ಕುಳಿತಳು.

ಬ್ರೌಸರಿನಲ್ಲಿ ಹಳೆಯ ವಿಳಾಸ ಬರೆದಾಗ ಪೆಟ್ಟಿಗೆಯ ಬಾಗಿಲು ತೆರೆಯಿತು. ಹಾಲಿನ ಪುಸ್ತಕದ ಗುಪ್ತಪದ ಒಪ್ಪಿಗೆಯಾಯಿತು. ಅಲ್ಲಿ 'ಸ್ಥಿರ ವಿಳಾಸ' ಎಂಬುದನ್ನು ತೆಗೆದು 'ತಾನಾಗಿ ಪಡೆ' ಎಂಬುದನ್ನು ಆರಿಸಿ ಉಳಿಸಿದೆ. ಕೂಡಲೇ ಪುಟ ಸ್ತಬ್ಧವಾಯಿತು. "ಹೆದರಬೇಡಿ ಅಪ್ಪ, ವಿಳಾಸ ಬಿಟ್ಟುಕೊಟ್ಟಿತಲ್ಲ, ಅದಕ್ಕೆ" ಎಂದಳು ಮಗಳು. ಗಣಕದ ವಿಳಾಸವನ್ನೂ ಮೊದಲಿನಂತೆ ಮಾಡಿ, ಪೆಟ್ಟಿಗೆಯನ್ನು ರೌಟರಿಗೆ ಜೋಡಿಸಿದ ಎರಡು ನಿಮಿಷಕ್ಕೆ ರೌಟರಿನ ಪಟ್ಟಿಯಲ್ಲಿ ಹೊಸ ಹೆಸರೊಂದು ಕಾಣಿಸಿತು. ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿದ್ದ ಹನ್ನೆರಡು ಅಕ್ಷರಾಂಕಿಗಳ ಗುರುತಿನೊಂದಿಗೆ ತಾಳೆ ನೋಡಿ, ಈ ಗುರುತಿನವರಿಗೆ ಯಾವಾಗಲೂ 192.168.1.50 ಅನ್ನೇ ಕೊಡು ಎಂದು ರೌಟರಿನಲ್ಲೇ ಮೀಸಲಿಟ್ಟೆವು. ಇನ್ನು ಮುಂದೆ ರೌಟರ್ ಬದಲಾದರೂ ಪೆಟ್ಟಿಗೆ ಹೊಸದರಿಂದ ತಾನೇ ವಿಳಾಸ ಕೇಳಿ ಪಡೆಯುತ್ತದೆ. ಹಳೆಯ ಬೀದಿಯಲ್ಲಿ ಉಳಿದುಹೋಗುವುದಿಲ್ಲ.

ಚಿಹ್ನೆಯನ್ನು ಒತ್ತಿದೆ. ಕೆಂಪು ಗುರುತು ಹೋಯಿತು. ವರ್ಷಗಳು ಸಾಲಾಗಿ ನಿಂತಿದ್ದವು. 1995 ತೆರೆದೆ. ಮೂರನೆಯ ಸಾಲಿನಲ್ಲಿ ಎಡಗಡೆಯಿಂದ ಐದನೆಯವನು, ಕ್ಯಾಮೆರಾ ಕಡೆ ನೋಡದೆ ಪಕ್ಕದವನ ಮಾತಿಗೆ ನಗುತ್ತ ನಿಂತಿದ್ದ. ಚಿತ್ರ ತೆಗೆಯುವ ದಿನ, ನೆಟ್ಟಗೆ ನೋಡೋ ಎಂದು ನಾನೇ ಗದರಿದ್ದೆ.

ಹುಡುಗರು ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಆ ತಾಯಿಯ ಮನೆಗೆ ಒಯ್ದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆಕೆ ಬಹಳ ಹೊತ್ತು ಸೆರಗಿನಿಂದ ಗಾಜು ಒರೆಸುತ್ತ ನೋಡಿದರು. ಅತ್ತಾರೇನೋ ಎಂದು ನಾವೆಲ್ಲ ನೆಲ ನೋಡುತ್ತ ನಿಂತಿದ್ದೆವು. "ನೋಡಿ ಮೇಷ್ಟ್ರೇ, ಕುತ್ತಿಗೆ ಗುಂಡಿ ಹಾಕಿಕೊಂಡೇ ಇಲ್ಲ. ಫೋಟೊ ಅಂತ ಬೆಳಿಗ್ಗೆ ನಾನೇ ಹಾಕಿ ಕಳಿಸಿದ್ದೆ" ಎಂದರು.

ಆ ಕಡತ ಇಲ್ಲವಾಗಿದ್ದರೆ ಆ ಗುಂಡಿಯ ಮಾತೂ ಇರುತ್ತಿರಲಿಲ್ಲ. ಅಂಗಡಿಯಲ್ಲಿ ಒಂದು ಬೆರಳು ಒತ್ತಿದ್ದರೆ ಸಾಕಿತ್ತು.

ಈಗ ಮನೆಯಲ್ಲಿ ಹೊಸ ನಿಯಮ ಜಾರಿಯಲ್ಲಿದೆ. ಯಾವುದೇ ಮುಖ್ಯ ಕಡತಕ್ಕೆ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗಿರಬೇಕು. ಬಲ್ಲವರು ಇದನ್ನು 3-2-1 ಸೂತ್ರವೆನ್ನುತ್ತಾರೆ. ಅದರಂತೆ ಚಿತ್ರಗಳೆಲ್ಲ ಪೆಟ್ಟಿಗೆಯಲ್ಲಿವೆ, ಹೊಸದಾಗಿ ಕೊಂಡ ಪುಟ್ಟ ಡಿಸ್ಕಿನಲ್ಲಿವೆ, ಮಗಳ ಮನೆಯಲ್ಲೂ ಇವೆ. ತಿಂಗಳ ಮೊದಲ ಭಾನುವಾರ ಯಾವುದಾದರೂ ಒಂದು ವರ್ಷದ ಚಿತ್ರವನ್ನು ಪೆಟ್ಟಿಗೆಯಿಂದ ತೆರೆದು ನೋಡುತ್ತೇನೆ. ತೆರೆದು ನೋಡದ ನಕಲನ್ನು ನಂಬಿ ಕೂರುವುದು ತಿದ್ದದ ಉತ್ತರಪತ್ರಿಕೆಗೆ ಅಂಕ ಕೊಟ್ಟಂತೆ.

ಹೊಸ ವಿಳಾಸವನ್ನು ಬರೆದಿಡಲು ನಾನೊಂದು ಚೆಂದದ ದಿನಚರಿ ಪುಸ್ತಕ ತಂದಿದ್ದೆ. ಮಡದಿ ಅದನ್ನು ನೋಡಿ ಏನೂ ಹೇಳಲಿಲ್ಲ. ಮರುದಿನ ನೋಡಿದರೆ ಈ ವರ್ಷದ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಅವಳೂ ಬರೆದಿಟ್ಟುಕೊಂಡಿದ್ದಳು. ಅದೂ ಒಂದು ಪ್ರತಿಯೇ ತಾನೆ?

1995ರ ತಂಡದವರಲ್ಲದೆ ಉಳಿದ ವರ್ಷದವರೂ ತಮ್ಮ ಚಿತ್ರ ಬೇಕಾದರೆ ಕೇಳಿ. ಈಗ ಧೈರ್ಯವಾಗಿ ಹೇಳಬಲ್ಲೆ, ನಾಳೆಯೇ ಕಳಿಸುತ್ತೇನೆ.